ಪಾಲಿಮಾರ್ಫಿಸಂ ಕಲಿತ ನವರಾತ್ರಿ

ಕಂಪ್ಯೂಟರ್ ಕೋಣೆಗೆ ಹೋಗುವ ಮುಂಚೆ ಚಪ್ಪಲಿ ಹೊರಗೆ ಬಿಡಬೇಕಾಗಿತ್ತು. ಧೂಳು ಹೊಕ್ಕರೆ ಯಂತ್ರ ಕೆಡುತ್ತದೆ ಎಂದು ಬಾಗಿಲಿನ ಮೇಲೆ ತಮಿಳಿನಲ್ಲೂ ಇಂಗ್ಲಿಷಿನಲ್ಲೂ ಬರೆದು ಅಂಟಿಸಿದ್ದರು. ಕಾಲೇಜು ಹುಡುಗರ ದೋಣಿಯಂಥ ಶೂಗಳ ಪಕ್ಕದಲ್ಲಿ ನನ್ನ ಹವಾಯಿ ಚಪ್ಪಲಿಯನ್ನು ಗೋಡೆಗೆ ಒತ್ತಿ ಇಟ್ಟು, ಸೆರಗು ಹೊದ್ದುಕೊಂಡು ಒಳಗೆ ಹೋಗುತ್ತಿದ್ದೆ. ಒಳಗೆ ಎ.ಸಿ. ಹಾಕಿರುತ್ತಿದ್ದರು. ನನ್ನ ಕೈ ನಡುಗುವುದು ಯಾರಿಗಾದರೂ ಕಂಡರೆ ಚಳಿಗೆ ಅಂದುಕೊಳ್ಳಲಿ ಎಂದು ಸೆರಗನ್ನು ಇನ್ನಷ್ಟು ಬಿಗಿಯಾಗಿ ಎಳೆದುಕೊಳ್ಳುತ್ತಿದ್ದೆ.

ಮದ್ರಾಸಿಗೆ ಚೆನ್ನೈ ಎಂಬ ಹೆಸರು ಬಂದು ಕೆಲವು ವರ್ಷ ಕಳೆದಿದ್ದರೂ ನಾವೆಲ್ಲ ಇನ್ನೂ ಮದ್ರಾಸು ಎನ್ನುತ್ತಿದ್ದ ಕಾಲ ಅದು. ವಡಪಳನಿಯ ದೇವಸ್ಥಾನದ ಹಿಂದಿನ ಒಂದು ಬೀದಿಯಲ್ಲಿ, ಸಿನಿಮಾದವರಿಗೆ ಬಟ್ಟೆ ಹೊಲಿಯುವ ದರ್ಜಿ ಅಂಗಡಿಯ ಮೇಲಿನ ಮಹಡಿಯಲ್ಲಿ ಆ ಕಂಪ್ಯೂಟರ್ ಸೆಂಟರ್ ಇತ್ತು. ಆಗ ಪ್ರತಿ ಬೀದಿಯಲ್ಲೂ ಅಂಥದ್ದೊಂದು ಇರುತ್ತಿತ್ತು. ಅಲ್ಲಿಗೆ ಬರುತ್ತಿದ್ದವರೆಲ್ಲ ಇಪ್ಪತ್ತರ ಹುಡುಗ ಹುಡುಗಿಯರು. ನನಗೆ ಮೂವತ್ತಾರು ದಾಟಿತ್ತು. ಮೈಸೂರಿನಲ್ಲಿ ನನ್‌ಗಳ ಕಾನ್ವೆಂಟಿನಲ್ಲಿ ಓದಿ, ಬಿ.ಎ. ಮುಗಿಸಿ, ಮದುವೆಯಾಗಿ ಬಂದವಳು ಅಡುಗೆಮನೆ ಬಿಟ್ಟು ಬೇರೆ ಕಡೆ ಕುರ್ಚಿ ಹಾಕಿ ಕೂತಿದ್ದೇ ಕಡಿಮೆ.

ಹೋಗದೆ ವಿಧಿಯಿರಲಿಲ್ಲ. ತಾಂಬರಂ ಆಚೆ ನಮ್ಮವರು ಕೆಲಸ ಮಾಡುತ್ತಿದ್ದ ಕಾರ್ಖಾನೆಯ ಗೇಟಿಗೆ ಆ ಬೇಸಿಗೆಯಲ್ಲಿ ಬೀಗ ಬಿದ್ದಿತ್ತು. ಅವರು ಆಮೇಲೂ ಕೆಲವು ವಾರ ದಿನಾ ಬೆಳಗ್ಗೆ ಅದೇ ಹೊತ್ತಿಗೆ ಎಲೆಕ್ಟ್ರಿಕ್ ಟ್ರೈನ್ ಹತ್ತಿ ಹೋಗಿ, ಮುಚ್ಚಿದ ಗೇಟು ನೋಡಿಕೊಂಡು ಬರುತ್ತಿದ್ದರು. ಒಂದು ದಿನ ಹೋಗಲಿಲ್ಲ. ಬೇರೆ ಕೆಲಸ ಹುಡುಕಿ ಹುಡುಕಿ ಅವರ ಮಾತು ದಿನದಿನಕ್ಕೆ ಕಡಿಮೆಯಾಗುತ್ತಾ ಬಂತು. ಮೈಸೂರಿನಲ್ಲಿದ್ದ ಭಾವನವರು ಫೋನಿನಲ್ಲಿ, "ಸುಮ್ನೆ ಅಲ್ಯಾಕೋ ಒದ್ದಾಡ್ತೀಯ? ಬಂದ್ಬಿಡಿ. ಹೊರಗಿನ ಕೋಣೆ ಖಾಲಿ ಮಾಡಿಸಿದೀನಿ. ನಿಮ್ಮತ್ತಿಗೆ ಮಂಚಾನೂ ಹಾಕ್ಸಿದಾಳೆ," ಎಂದರು.

ಒಳ್ಳೆಯವರೇ ಅವರು. ಅದೇ ಹೆಚ್ಚು ಭಯ ಹುಟ್ಟಿಸಿದ್ದು. ಒಂದು ಸಲ ಆ ಮಂಚದ ಮೇಲೆ ಮಲಗಿದರೆ ನಾವು ಮತ್ತೆ ಏಳಲಾರೆವು ಎಂದು ನನಗೆ ಅನ್ನಿಸಿತು. ನಮ್ಮವರು ಅಣ್ಣನ ಮನೆಯ ಪೇಪರನ್ನು ಅಣ್ಣ ಓದಿ ಮುಗಿಸಿದ ಮೇಲೆ ಓದುತ್ತಾರೆ, ನಾನು ಓರಗಿತ್ತಿಯನ್ನು "ಅಕ್ಕಾ, ಇವತ್ತು ಸಾರು ಏನು ಮಾಡ್ಲಿ?" ಎಂದು ದಿನಾ ಕೇಳುತ್ತೇನೆ. ನಾಲ್ಕನೆಯ ಕ್ಲಾಸಿನಲ್ಲಿದ್ದ ಮಗಳಿಗೆ ಕನ್ನಡ ಅರ್ಥವಾಗುತ್ತಿತ್ತು, ಉತ್ತರ ಮಾತ್ರ ತಮಿಳಿನಲ್ಲೇ. ಅಲ್ಲಿಯ ಮಕ್ಕಳು ಅವಳನ್ನು ಏನೆಂದು ಕರೆಯುತ್ತಾರೋ ಎಂದು ಯೋಚಿಸುತ್ತಿದ್ದೆ. ಬಟ್ಟೆ ಒಗೆಯುವಾಗ, ಹಾಲು ಕಾಯಿಸುವಾಗ ಆ ಕೋಣೆ ಕಣ್ಣಿಗೆ ಬರುತ್ತಿತ್ತು.

ಮಗಳ ಶಾಲೆ ಚಿಕ್ಕ ಮೆಟ್ರಿಕ್ಯುಲೇಶನ್ ಶಾಲೆ, ಇಂಗ್ಲಿಷ್ ಮಾಧ್ಯಮದ್ದು. ಅಲ್ಲಿಯ ಹೆಡ್‌ಮಿಸ್ ನನ್ನ ಇಂಗ್ಲಿಷ್ ಕೇಳಿ ಒಂದು ದಿನ, "ನೀವು ಕಂಪ್ಯೂಟರ್ ಕೋರ್ಸ್ ಒಂದು ಮಾಡಿಬಿಡಿ, ಪೊಂಗಲ್ ರಜೆ ಮುಗಿದ ಮೇಲೆ ನಮ್ಮಲ್ಲಿ ಕಂಪ್ಯೂಟರ್ ಟೀಚರ್ ಬೇಕು. ಸರ್ಟಿಫಿಕೇಟ್ ತಂದರೆ ಕೆಲಸ ನಿಮಗೇ," ಎಂದಿದ್ದರು. ಭಾವನವರಿಗೆ ನಮ್ಮವರು ಪೊಂಗಲ್ ತನಕ ಟೈಮು ಕೇಳಿದರು. ಹಾಗಾಗಿ ಎಲ್ಲವೂ ಆ ಒಂದು ಪರೀಕ್ಷೆಗೆ ಬಂದು ನಿಂತಿತು. ಪಾಸಾದರೆ ಮದ್ರಾಸು. ಫೇಲಾದರೆ ಹೊರಗಿನ ಕೋಣೆ.

ಮೊದಲ ಕೆಲವು ತಿಂಗಳು ಹೇಗೋ ಸಾಗಿತು. ಕಾನ್ವೆಂಟಿನಲ್ಲಿ ನಮಗೆ ಕಲಿಸಿದ ಒಂದು ವಿದ್ಯೆ ಎಂದರೆ ಬಾಯಿಪಾಠ. ನೆಟ್ಟಗೆ ನಿಂತು, ಕೈ ಹಿಂದೆ ಕಟ್ಟಿ, ಪೂರ್ತಿ ವಾಕ್ಯದಲ್ಲಿ, ಉಚ್ಚಾರ ಕೆಡದ ಹಾಗೆ ಹೇಳಬೇಕು. ಅರ್ಥ ಆಮೇಲೆ ದೇವರು ಕೊಡುತ್ತಾನೆ ಎಂಬಂತೆ. ಕಂಪ್ಯೂಟರ್ ಪುಸ್ತಕವನ್ನೂ ನಾನು ಹಾಗೆಯೇ ಓದಿದೆ. ಕುಕ್ಕರ್ ಕೂಗುವ ನಡುವೆ ಆಬ್ಜೆಕ್ಟ್ ಎಂದರೇನು, ಕ್ಲಾಸ್ ಎಂದರೇನು, ಇನ್ಹೆರಿಟೆನ್ಸ್ ಎಂದರೇನು ಎಂದು ಒಂದೇ ಉಸಿರಿಗೆ ಹೇಳುತ್ತಿದ್ದೆ. ಹುಡುಗರಿಗೆ ಬೆರಗಾಗುತ್ತಿತ್ತು. "ಆಂಟಿ ಟೇಪ್ ರೆಕಾರ್ಡರ್ ನುಂಗಿಬಿಟ್ಟಿದ್ದಾರೆ," ಎಂದು ಒಬ್ಬ ತಮಾಷೆ ಮಾಡಿದ. ನಾನೂ ನಕ್ಕೆ.

ಪಾಲಿಮಾರ್ಫಿಸಂ ಬಂದಾಗ ನಗು ನಿಂತಿತು.

ನಮಗೆ ಪಾಠ ಹೇಳುತ್ತಿದ್ದವಳು ನನಗಿಂತ ಹನ್ನೆರಡು ಹದಿಮೂರು ವರ್ಷ ಚಿಕ್ಕವಳು. ಚೂಡಿದಾರ, ಅರ್ಧ ಎದ್ದುಹೋದ ನೇರಳೆ ಉಗುರುಬಣ್ಣ, ತುಂಬ ಬೇಗ ಬೇಗ ಮಾತು. ಕಾಲೇಜಿನಲ್ಲಿ ಅವಳೇ ಮೊದಲಿಗಳಂತೆ. ಅವಳಾಡಿದ್ದು ತಮಿಳು ಇಂಗ್ಲಿಷ್ ಬೆರೆಸಿದ ಮಾತು, ನಾನಿಲ್ಲಿ ಕನ್ನಡದಲ್ಲೇ ಬರೆಯುತ್ತೇನೆ. ಬೋರ್ಡಿನ ಮೇಲೆ ಒಂದು ಡಬ್ಬಿ ಬರೆದು, "ಇದು ಅಮ್ಮನ ಕ್ಲಾಸು. ಹೆಸರು ಶೇಪ್," ಎಂದಳು. ಅದರ ಕೆಳಗೆ ಮೂರು ಡಬ್ಬಿ. "ಇವು ಮಕ್ಕಳ ಕ್ಲಾಸು. ಸರ್ಕಲ್, ಸ್ಕ್ವೇರ್, ರೆಕ್ಟ್ಯಾಂಗಲ್. ಅಮ್ಮನಿಗೂ ಡ್ರಾ ಅಂತ ಒಂದು ಫಂಕ್ಷನ್ ಇದೆ, ಮಕ್ಕಳಿಗೂ ಡ್ರಾ ಇದೆ. ನಾನು ಸಾಲಾಗಿ ನಿಂತಿರೋರಿಗೆಲ್ಲ ಬರೀ ಡ್ರಾ ಅಂತೀನಿ. ಅವರವರು ಅವರವರದ್ದು ಬರೀತಾರೆ. ದಟ್ಸ್ ಆಲ್. ಕರೆ ಒಂದು, ರೂಪ ಹಲವು."

ಎಲ್ಲರೂ ತಲೆಯಾಡಿಸಿದರು. ನಾನೂ ಆಡಿಸಿದೆ. ನನಗೆ ಏನೂ ತಿಳಿಯಲಿಲ್ಲ. ನಾನು ಡ್ರಾ ಎಂದು ಹೇಳುವಾಗ ಎದುರಿಗಿರುವುದು ಸರ್ಕಲ್ಲೋ ಸ್ಕ್ವೇರೋ ಎಂದು ನನಗೆ ಗೊತ್ತಿರಬೇಡವೇ? ಗೊತ್ತಿಲ್ಲದೆ ಹೇಗೆ ಹೇಳುವುದು? ಕೇಳಬೇಕೆಂದು ಬಾಯಿ ತೆರೆದೆ. ಆದರೆ ಅಷ್ಟು ಹುಡುಗರ ತಲೆ ನನ್ನ ಕಡೆ ತಿರುಗುತ್ತದಲ್ಲ ಎಂದು ಮುಚ್ಚಿಕೊಂಡೆ. ಮನೆಗೆ ಹೋಗಿ ವ್ಯಾಖ್ಯೆಯನ್ನು ಬಾಯಿಪಾಠ ಮಾಡಿದೆ.

ಅದೇ ವಾರ ಅದನ್ನು ಯಂತ್ರದ ಮೇಲೆ ಮಾಡಿ ತೋರಿಸಬೇಕಾಗಿತ್ತು. ನೀಲಿ ತೆರೆ, ಹಳದಿ ಅಕ್ಷರ. ಕೀಲಿಮಣೆಯಲ್ಲಿ ಎ ಮತ್ತು ಎಸ್ ಅಕ್ಷರಗಳು ಸವೆದು ಬೋಳಾಗಿದ್ದವು. ಒಂದೊಂದೇ ಬೆರಳಿನಲ್ಲಿ ಟೈಪು ಮಾಡಿದೆ. ಎರರ್ ಸೊನ್ನೆ, ವಾರ್ನಿಂಗ್ ಸೊನ್ನೆ ಎಂದು ತೋರಿಸಿತು. ಎದೆ ಹಗುರಾಯಿತು. ಪ್ರೋಗ್ರಾಮನ್ನು ಓಡಿಸಿದೆ. ಸರ್ಕಲ್, ಸ್ಕ್ವೇರ್, ರೆಕ್ಟ್ಯಾಂಗಲ್ ಎಂದು ಬರಬೇಕಾದ ಕಡೆ ಶೇಪ್, ಶೇಪ್, ಶೇಪ್ ಎಂದು ಬಂತು.

ಮತ್ತೆ ಓಡಿಸಿದೆ. ಮತ್ತೆ ಶೇಪ್, ಶೇಪ್, ಶೇಪ್.

ತಪ್ಪು ಇದ್ದರೆ ತಪ್ಪು ಎಂದು ಹೇಳುವ ಯಂತ್ರಕ್ಕೆ ನಾನು ಅಷ್ಟು ಹೊತ್ತಿಗೆ ಸ್ವಲ್ಪ ಒಗ್ಗಿದ್ದೆ. ಏನೂ ತಪ್ಪಿಲ್ಲ ಎಂದು ಹೇಳಿ ಹೀಗೆ ಮಾಡುತ್ತದಲ್ಲ, ಅದಕ್ಕೆ ಹೆದರಿಬಿಟ್ಟೆ. ಮನೆಯಲ್ಲಿ ಎಲ್ಲರೂ ಏನಿಲ್ಲ ಏನಿಲ್ಲ ಎನ್ನುತ್ತಾ ಒಬ್ಬರ ಮುಖ ಒಬ್ಬರು ನೋಡದ ದಿನಗಳಿರುತ್ತವಲ್ಲ, ಹಾಗೆ.

ಪಾಠದ ಹುಡುಗಿ ಬಂದು ಬಗ್ಗಿ ನೋಡಿದಳು. "ಆಂಟಿ, ವರ್ಚುಯಲ್ ಎಲ್ಲಿ?"

ನಾನು ಥಟ್ಟನೆ, "ವರ್ಚುಯಲ್ ಫಂಕ್ಷನ್ ಎಂದರೆ ತಾಯಿ ಕ್ಲಾಸಿನಲ್ಲಿ ಘೋಷಿಸಿ ಮಕ್ಕಳ ಕ್ಲಾಸಿನಲ್ಲಿ ಮರುವ್ಯಾಖ್ಯಾನಿಸುವ..." ಎಂದು ಇಂಗ್ಲಿಷಿನಲ್ಲಿ ಶುರು ಮಾಡಿದೆ.

"ಬಾಯಲ್ಲಿದೆ ಆಂಟಿ. ಪ್ರೋಗ್ರಾಮಲ್ಲಿ ಎಲ್ಲಿದೆ?"

ಹಿಂದಿನ ಸಾಲಿನಲ್ಲಿ ಯಾರೋ ಕಿಸಕ್ಕೆಂದರು. "ಆಂಟಿ, ಸಾಂಬಾರಿಗೆ ಉಪ್ಪು ಹಾಕೋದು ಮರೆತ್ರಾ?" ಎಂದ ಟೇಪ್ ರೆಕಾರ್ಡರ್ ಹುಡುಗ. ಅವಳು ಕೈ ಚಾಚಿ ಒಂದು ಪದ ಸೇರಿಸಿ ಸರಿಮಾಡಿಬಿಟ್ಟಳು. ಸರ್ಕಲ್, ಸ್ಕ್ವೇರ್, ರೆಕ್ಟ್ಯಾಂಗಲ್ ಎಂದು ಬಂತು. "ಟೆನ್ಷನ್ ಆಗಾದೀಂಗ ಆಂಟಿ," ಟೆನ್ಷನ್ ಮಾಡ್ಕೋಬೇಡಿ ಎಂದು ಹೆಗಲು ತಟ್ಟಿ ಮುಂದಿನವನ ಕಡೆ ಹೋದಳು.

ಆದರೆ ಯಾಕೆ ಬಂತು, ಮೊದಲು ಯಾಕೆ ಬರಲಿಲ್ಲ, ಎರಡೂ ನನಗೆ ಗೊತ್ತಾಗಲಿಲ್ಲ. ಹೊರಡುವಾಗ ಅವಳು ಎಲ್ಲರಿಗೂ ಹೇಳಿದಳು: "ವೈವಾಗೆ ಬರೋ ಎಕ್ಸ್‌ಟರ್ನಲ್ ಸರ್ ಡೆಫಿನಿಷನ್ ಕೇಳಲ್ಲ. ಪ್ರೋಗ್ರಾಮಲ್ಲಿ ಏನಾದ್ರೂ ಒಂದು ಕಿತ್ತುಹಾಕಿ, ಈಗ ಏನು ಬರುತ್ತೆ ಹೇಳಿ ಅಂತಾರೆ. ಹೋದ ಬ್ಯಾಚಲ್ಲಿ ಅರ್ಧ ಜನ ಅದರಲ್ಲೇ ಹೋದ್ರು."

ಮೆಟ್ಟಿಲಿನ ಕಂಬಿ ಹಿಡಿದುಕೊಂಡು ಇಳಿದು, ದರ್ಜಿಯ ಅಂಗಡಿಯ ಮುಂದೆ ಸ್ವಲ್ಪ ಹೊತ್ತು ನಿಂತೆ. ಮನೆಗೆ ಬಂದರೆ ನಮ್ಮವರು ಬೀನ್ಸು ಹೆಚ್ಚುತ್ತಾ ಕೂತಿದ್ದರು, ಒಂದೇ ಅಳತೆಗೆ, ಕಾರ್ಖಾನೆಯಲ್ಲಿ ಕತ್ತರಿಸಿದ ಹಾಗೆ.

"ಹೇಗಾಯ್ತು?" ಎಂದರು.

"ಚೆನ್ನಾಗಾಯ್ತು."

"ಮುಖ ಯಾಕೆ ಹಾಗಿದೆ?"

"ಎ.ಸಿ. ಜಾಸ್ತಿ," ಎಂದೆ.

ನವರಾತ್ರಿ ಆಗಲೇ ಶುರುವಾಗಿತ್ತು. ನಮ್ಮ ಮೈಸೂರು ಕಡೆ ಗೊಂಬೆ ಹಬ್ಬವೆಂದರೆ ಮಕ್ಕಳದು. "ಗೊಂಬೆ ಕೂರ್ಸಿದೀರಾ?" ಎಂದು ಕೂಗುತ್ತಾ ಗುಂಪು ಕಟ್ಟಿಕೊಂಡು ಮನೆಮನೆಗೆ ನುಗ್ಗುವುದು, ಗೊಂಬೆ ನೋಡುವುದು, ಕೊಟ್ಟ ತಿಂಡಿ ಬಾಚಿಕೊಂಡು ಓಡುವುದು. ದೊಡ್ಡವರಾದರೆ ಅರಿಶಿನ ಕುಂಕುಮ ತೆಗೆದುಕೊಂಡು ಬರುವುದು. ಹೊಸದಾಗಿ ಮದ್ರಾಸಿಗೆ ಬಂದ ಮೈಸೂರಿನವರೆಲ್ಲ ಇಲ್ಲೂ ಅಷ್ಟೇ ಎಂದುಕೊಂಡು ಹೋಗಿ ಸಿಕ್ಕಿಹಾಕಿಕೊಳ್ಳುತ್ತಾರೆ. ಇಲ್ಲಿ ಗೊಲು, ಅಂದರೆ ಕೂರಿಸಿದ ಗೊಂಬೆ, ನೋಡಲು ಹೋದ ಹೆಂಗಸು ಹಾಡಬೇಕು. "ಒರು ಪಾಟ್ಟು ಪಾಡುಂಗೋ" ಎನ್ನುತ್ತಾರೆ, ಒಂದು ಹಾಡು ಹೇಳಿ ಎಂದು. ಹಾಡದೆ ಎದ್ದುಬರುವ ಹಾಗಿಲ್ಲ. ನನಗೆ ಸಂಗೀತ ಬಾರದು. ಅದಕ್ಕೇ ಅಷ್ಟು ವರ್ಷ ತಲೆನೋವು, ಜ್ವರ, ಊರಿಗೆ ಹೋಗಬೇಕು ಎಂದು ಏನಾದರೂ ನೆಪ ಹೇಳಿ ತಪ್ಪಿಸಿಕೊಂಡಿದ್ದೆ. ಆ ವರ್ಷ ಮಗಳು ಬಿಡಲಿಲ್ಲ. ಹೊಸ ಲಂಗ ಉಟ್ಟುಕೊಂಡು ಬಾಗಿಲಲ್ಲಿ ನಿಂತು, "ಅಮ್ಮಾ, ಸೀಕ್ರಂ ವಾ, ಸುಂಡಲ್ ತೀಂದಿಡುಂ," ಎಂದು ಅವಸರ ಮಾಡಿದಳು. ಸುಂಡಲ್ ಎಂದರೆ ನಮ್ಮ ಉಸಲಿಯೇ. ಅದು ಮುಗಿದುಹೋಗುತ್ತದೆಂದು ಅವಳ ಚಿಂತೆ.

ಮೊದಲು ಹೋದದ್ದು ನಮ್ಮ ಕಟ್ಟಡದಲ್ಲೇ ಕೆಳಗಿನ ಮನೆಗೆ. ಒಂಬತ್ತು ಮೆಟ್ಟಿಲಿನ ಗೊಲು, ಸೀರಿಯಲ್ ಲೈಟು. ಗೊಂಬೆಗಳ ಪಕ್ಕದಲ್ಲಿ ದೊಡ್ಡ ಟೇಪ್ ರೆಕಾರ್ಡರ್ ಇಟ್ಟು ಹಾಡು ಹಾಕಿಬಿಟ್ಟಿದ್ದರು. ಮನೆಯಾಕೆ ಬಂದವರಿಗೆಲ್ಲ, "ಪಾಡುಂಗೋ, ಪಾಡುಂಗೋ," ಎನ್ನುತ್ತಿದ್ದರು. ಬಾಯಿಮಾತಿಗೆ ಅಷ್ಟೆ. ಯಾರಿಗೆ ಹೇಳಿದರೂ ಹಾಡುತ್ತಿದ್ದದ್ದು ಆ ಟೇಪೇ. ವೀಣೆ ಕಲಿತ ಒಬ್ಬ ಹುಡುಗಿ ಶ್ರುತಿ ಹಿಡಿಯಲು ನೋಡಿ, ಟೇಪಿನ ಸದ್ದಿಗೆ ಸೋತು ಸುಮ್ಮನಾದಳು. ನನಗಂತೂ ಹೋದ ಜೀವ ಬಂದಂತಾಗಿತ್ತು. ಗೊಂಬೆ ನೋಡಿ, ಎಲೆ ಅಡಿಕೆ ತೆಗೆದುಕೊಂಡು, ನಗುನಗುತ್ತಾ ಹೊರಬಿದ್ದೆ.

ಮಹಡಿಯ ಮೇಲೆ ಒಬ್ಬ ಮಾಮಿ ಇದ್ದರು. ಎಪ್ಪತ್ತರ ಹತ್ತಿರ ವಯಸ್ಸು, ಒಂಟಿ ಜೀವ. ಅವರದು ಮೂರೇ ಮೆಟ್ಟಿಲಿನ ಗೊಲು, ಟೇಪಿಲ್ಲ. ನಾವು ಹೋದಾಗ ನಾಲ್ಕೈದು ಹೆಂಗಸರು ಜಮಖಾನದ ಮೇಲೆ ಕೂತಿದ್ದರು. "ವಾಂಗೋ ವಾಂಗೋ, ಅಂತೂ ಮೈಸೂರಿನವರಿಗೆ ಮೆಟ್ಟಿಲು ಕಂಡಿತು," ಎಂದು ಮಾಮಿ ಕುಟುಕಿಯೇ ಬರಮಾಡಿಕೊಂಡರು. ಬಾಗಿಲಿಗೆ ಹತ್ತಿರ, ಎದ್ದು ಓಡುವುದಕ್ಕೆ ಅನುಕೂಲವಾಗುವ ಹಾಗೆ ಕೂತೆ.

ಮಾಮಿ ಸಾಲಾಗಿ ಕೇಳುತ್ತಾ ಬಂದರು. ಒಬ್ಬಳಿಗೆ, "ಒರು ಪಾಟ್ಟು ಪಾಡು." ಅವಳು ರಾಗ ತೆಗೆದು ಕೀರ್ತನೆ ಹಾಡಿದಳು. ಪಕ್ಕದವಳಿಗೆ ಅದೇ ಮಾತು. ಅವಳು ಕಣ್ಣು ಮುಚ್ಚಿ ಮುರುಗನ ಹಾಡು ಹೇಳಿದಳು. ಉಡುಪಿ ಕಡೆಯ ಹೋಟೆಲಿನವರ ಮನೆಯಾಕೆ ಒಬ್ಬರಿದ್ದರು. ಅವರಿಗೂ ಅದೇ ಮಾತು. ಅವರು ಹರಿವಾಣದಲ್ಲಿ ಆರತಿ ಎತ್ತುವಾಗ ಹೇಳುವ ಹಾಡನ್ನು ಸಣ್ಣ ದನಿಯಲ್ಲಿ ಹೇಳಿದರು. ಒಂದೊಂದು ಹಾಡು ಮುಗಿದ ಹಾಗೆ ಅದು ನನ್ನ ಹತ್ತಿರ ಬರುತ್ತಿತ್ತು. ಹಾಡಿನ ಒಂದು ಸಾಲೂ ನೆನಪಾಗಲಿಲ್ಲ. ಕಂಪ್ಯೂಟರ್ ತೆರೆಯ ಮುಂದೆ ಕೂತಾಗ ಆಗುತ್ತಿದ್ದದ್ದೇ ಇದು.

"ನೀ ಪಾಡುಮಾ," ಎಂದರು ಮಾಮಿ ನನಗೆ.

"ನನಗೆ ಬರಲ್ಲ ಮಾಮಿ."

"ಬಾರದೆ ಏನು? ಹುಟ್ಟಿದಾರಭ್ಯ ಒಂದೂ ಹಾಡಿಲ್ಲವಾ? ನಾನೇನು ಇಂಥದ್ದೇ ಹಾಡು ಎಂದೆನಾ?"

ಎಲ್ಲರೂ ನನ್ನನ್ನೇ ನೋಡುತ್ತಿದ್ದರು. ನನ್ನ ಬೆನ್ನು ತಾನಾಗಿ ನೆಟ್ಟಗಾಯಿತು, ಕೈಗಳು ಹಿಂದೆ ಹೋದವು. ಬಾಯಿಂದ ಬಂದದ್ದು ಕಾನ್ವೆಂಟಿನಲ್ಲಿ ಬೆಳಗ್ಗೆ ಸಾಲು ನಿಂತು ಹೇಳುತ್ತಿದ್ದ ಇಂಗ್ಲಿಷ್ ಪ್ರಾರ್ಥನೆಯ ಹಾಡು. ಗೊಂಬೆಗಳ ಮುಂದೆ, ದಶಾವತಾರದ ಮುಂದೆ! ಮಗಳು ಲಂಗದಲ್ಲಿ ಮುಖ ಮುಚ್ಚಿಕೊಂಡಳು. ಅರ್ಧಕ್ಕೆ ನಿಲ್ಲಿಸುವ ಧೈರ್ಯವೂ ಇರಲಿಲ್ಲ, ಹೇಳಿ ಮುಗಿಸಿದೆ. ಮಾಮಿ ಅಷ್ಟು ಹೊತ್ತೂ ತೊಡೆಯ ಮೇಲೆ ತಾಳ ಹಾಕುತ್ತಿದ್ದರು.

"ನಲ್ಲಾ ಇರುಂದದು," ಚೆನ್ನಾಗಿತ್ತು ಎಂದು ನನ್ನ ಕೈಗೆ ತಾಂಬೂಲ ಕೊಟ್ಟು, ಆ ಕ್ಷಣದಲ್ಲೇ ಬಾಗಿಲಿಗೆ ಬಂದ ಇನ್ನೊಬ್ಬಾಕೆಗೆ, "ವಾಂಗೋ, ಒರು ಪಾಟ್ಟು ಪಾಡುಂಗೋ," ಎಂದರು. ಆಕೆ ಯಾರೋ, ಏನು ಹಾಡುವವರೋ, ಮಾಮಿಗೂ ಗೊತ್ತಿದ್ದ ಹಾಗೆ ಕಾಣಲಿಲ್ಲ.

ಕೆಳಗಿಳಿಯುವಾಗ ಮಗಳು, "ವೇರೆ ಪಾಟ್ಟೇ ತೆರಿಯಾದಾ ಉನಕ್ಕು?" ಎಂದಳು. ಬೇರೆ ಹಾಡೇ ಗೊತ್ತಿಲ್ಲವಾ ನಿನಗೆ ಎಂದು.

"ನನಗೆ ಇರೋದೇ ಅದು ಕಣೇ," ಎಂದೆ. ಮುಖ ಇನ್ನೂ ಬಿಸಿಯಾಗಿತ್ತು.

ಮಾರನೆಯ ದಿನ ಸೆಂಟರಿನಲ್ಲಿ ಜನ ಕಡಿಮೆ. ಹಬ್ಬವೆಂದು ಹುಡುಗರು ಬಂದಿರಲಿಲ್ಲ. ನಾನು ಆ ಪ್ರೋಗ್ರಾಮನ್ನೇ ತೆರೆದು, ಪಾಠದ ಹುಡುಗಿ ಸೇರಿಸಿದ ಪದವನ್ನು ಅಳಿಸಿ ಓಡಿಸಿದೆ. ಶೇಪ್, ಶೇಪ್, ಶೇಪ್. ಅದನ್ನೇ ನೋಡುತ್ತಾ ಕೂತೆ. ಯಾರನ್ನು ಕರೆದರೂ ಒಂದೇ ಉತ್ತರ. ಯಾರಿಗೆ ಪಾಡುಂಗೋ ಎಂದರೂ ಒಂದೇ ಹಾಡು. ಕೆಳಗಿನ ಮನೆಯ ಟೇಪು!

ಮೈ ಜುಮ್ಮೆಂದಿತು. ಆ ಮನೆಯಲ್ಲಿ ಹೆಂಗಸರು ಇರಲಿಲ್ಲವೆಂದಲ್ಲ, ಅವರಿಗೆ ಹಾಡು ಬರುತ್ತಿರಲಿಲ್ಲವೆಂದೂ ಅಲ್ಲ. ವೀಣೆಯ ಹುಡುಗಿ ಬಾಯಿ ತೆರೆದಿದ್ದಳಲ್ಲ. ಮನೆಯವರೇ ತಮ್ಮ ಹಾಡನ್ನು ಹಾಕಿಟ್ಟಿದ್ದರಿಂದ ಬಂದವರ ಹಾಡಿಗೆ ಜಾಗವಿರಲಿಲ್ಲ. ಸರ್ಕಲ್ಲಿನ ಹತ್ತಿರ ಅದರದೇ ಡ್ರಾ ಇದೆ, ಸ್ಕ್ವೇರಿನ ಹತ್ತಿರ ಅದರದು. ಆದರೆ ಅಮ್ಮನ ಕ್ಲಾಸು ಟೇಪು ನಿಲ್ಲಿಸಬೇಕು. ವರ್ಚುಯಲ್ ಎಂಬ ಪದವನ್ನು ಬರೆಯಬೇಕಾದದ್ದು ಅಮ್ಮನ ಕ್ಲಾಸಿನಲ್ಲೇ ಯಾಕೆ ಎಂದು ನಾನು ಎಷ್ಟು ದಿನ ಒದ್ದಾಡಿದ್ದೆ! ನಿಲ್ಲಿಸುವವರು ಟೇಪಿನ ಯಜಮಾನರೇ ಆಗಬೇಕಲ್ಲ. ಇನ್ನು ಕರೆಯುವವರಿಗೆ ಎದುರಿಗಿರುವುದು ಯಾರೆಂದು ಗೊತ್ತಿರಬೇಡವೇ ಎಂಬ ನನ್ನ ಪ್ರಶ್ನೆ. ಗೊತ್ತಿರಬೇಕಾಗಿಲ್ಲ. ಗೊಲು ನೋಡಲು ಬಂದವರು ಎಂಬಷ್ಟು ಗೊತ್ತಿದ್ದರೆ ಸಾಕು. ಉಳಿದದ್ದು ಬಂದವರ ಗಂಟಲಲ್ಲಿದೆ.

ಪದವನ್ನು ನಾನೇ ಟೈಪು ಮಾಡಿದೆ. ಓಡಿಸಿದೆ. ಮೂರೂ ತಮ್ಮ ತಮ್ಮ ಹೆಸರು ಹೇಳಿದವು. ಅಳಿಸಿದೆ, ಸೇರಿಸಿದೆ, ಅಳಿಸಿದೆ, ಮಗುವಿನ ಹಾಗೆ.

ತಿಳಿದ ಮೇಲೆ ಭಯ ಹೋಗಬೇಕಿತ್ತು. ಅದು ಇನ್ನೂ ಹೆಚ್ಚಾಯಿತು. ತಿಳಿಯದೆ ಫೇಲಾದರೆ ನನಗೆ ಇದು ಹೇಳಿದ್ದಲ್ಲ ಎಂದು ಸಮಾಧಾನ ಮಾಡಿಕೊಳ್ಳಬಹುದಿತ್ತು. ಈಗ ತಿಳಿದೂ ಆ ಹೊತ್ತಿಗೆ ನಾಲಿಗೆ ಏಳದೆ ಫೇಲಾದರೆ?

ವೈವಾ ದಿನ ಕಾರ್ತಿಕದ ಮಳೆ ಹಿಡಿದಿತ್ತು. ಬೀದಿಯಲ್ಲಿ ಮೊಣಕಾಲ ತನಕ ನೀರು. ನಮ್ಮವರು ಕೊಡೆ ಹಿಡಿದು ಸೆಂಟರಿನ ಮೆಟ್ಟಿಲ ತನಕ ಬಂದರು. ಏನೋ ಹೇಳಬೇಕೆಂದು ಬಾಯಿ ತೆರೆದು, "ಸೀರೆ ಅಂಚು ಹಿಂಡ್ಕೋ, ಒಳಗೆ ಚಳಿ," ಎಂದಷ್ಟೇ ಹೇಳಿ ತಿರುಗಿದರು. ನೀರಿನಲ್ಲಿ ಅವರು ನಡೆದುಹೋಗುವುದನ್ನು ನೋಡಿದೆ. ಕಾರ್ಖಾನೆಗೆ ಹೋಗುವಾಗ ಹಾಕುತ್ತಿದ್ದ ಷರಟೇ ಹಾಕಿದ್ದರು.

ಹೊರಗಿನಿಂದ ಬಂದ ಪರೀಕ್ಷಕರು ವಯಸ್ಸಾದವರು. ಹಣೆಯಲ್ಲಿ ವಿಭೂತಿ, ಮೂಗಿನ ತುದಿಯಲ್ಲಿ ಕನ್ನಡಕ. ಒಳಗೆ ಹೋದವರೆಲ್ಲ ಹೊರಗೆ ಬರುವಾಗ ತುಟಿ ಕಚ್ಚಿಕೊಂಡಿರುತ್ತಿದ್ದರು. ಟೇಪ್ ರೆಕಾರ್ಡರ್ ಎಂದು ನನ್ನನ್ನು ಆಡಿಕೊಂಡ ಹುಡುಗ ಬಂದು, "ಗೋವಿಂದ ಆಂಟಿ," ಎಂದು ಕೈಯಾಡಿಸಿದ. ಅವನ ಕಣ್ಣು ಒದ್ದೆಯಾಗಿತ್ತು. ಅವನಿಗೇ ಹೀಗಾದರೆ ಇನ್ನು ನನ್ನ ಗತಿ?

ನನ್ನ ಸರದಿ ಬಂತು. ಒಳಗೆ ಹೋಗಿ ನೆಟ್ಟಗೆ ನಿಂತು, ಗುಡ್ ಮಾರ್ನಿಂಗ್ ಸರ್ ಎಂದು, ಕೈ ಹಿಂದೆ ಕಟ್ಟಿ, ಪಾಲಿಮಾರ್ಫಿಸಮ್ಮಿನ ವ್ಯಾಖ್ಯೆಯನ್ನು ಪೂರ್ತಿ ಹೇಳಿ ಮುಗಿಸಿದೆ.

ಅವರು ಕನ್ನಡಕದ ಮೇಲಿನಿಂದ ನೋಡಿದರು. "ಕೂತುಕೋಮ್ಮಾ. ನಾನಿನ್ನೂ ಏನೂ ಕೇಳಿಲ್ಲ."

ಮೂಲೆಯಲ್ಲಿ ನಿಂತಿದ್ದ ಪಾಠದ ಹುಡುಗಿ ಕೆಳಗೆ ನೋಡಿದಳು. ನಾನು ಕುರ್ಚಿಯ ತುದಿಯಲ್ಲಿ ಕೂತೆ. ಅವರು ನನ್ನ ಪ್ರೋಗ್ರಾಮನ್ನು ಮೇಲಿಂದ ಕೆಳಗೆ ಓದಿ, ತೋರುಬೆರಳಿನಿಂದ ವರ್ಚುಯಲ್ ಪದವನ್ನು ಒಂದೊಂದೇ ಅಕ್ಷರ ಅಳಿಸಿದರು. "ಈಗ ಏನು ಬರುತ್ತೆ? ಓಡಿಸಬೇಡ, ಹೇಳು."

"ಶೇಪ್, ಶೇಪ್, ಶೇಪ್, ಸರ್."

"ಎರರ್ ಬರಲ್ಲವಾ?"

"ಇಲ್ಲ ಸರ್. ಅದು ತಪ್ಪು ಅಂತ ಹೇಳಲ್ಲ."

"ಯಾಕೆ ಶೇಪ್?"

ಗೊಲು, ಟೇಪು, ಯಾವುದೂ ಇಂಗ್ಲಿಷಿನಲ್ಲಿ ಬರಲಿಲ್ಲ. ಕೊನೆಗೆ ನಾನು ಕಾನ್ವೆಂಟಿನ ಪೂರ್ತಿ ವಾಕ್ಯವನ್ನು ಬಿಟ್ಟು ಹರಕು ತಮಿಳಿನಲ್ಲೇ ಹೇಳಿದೆ: ಕರೆಯುವ ಪಾಯಿಂಟರ್ ಶೇಪಿನದು, ಅಮ್ಮ ಬಿಟ್ಟುಕೊಟ್ಟಿಲ್ಲ, ಹಾಗಾಗಿ ಅದು ಅಮ್ಮನದನ್ನೇ ಕರೆಯುತ್ತದೆ. ಒಳಗೆ ನಿಜವಾಗಿ ಯಾರಿದ್ದಾರೆ ಎಂದು ನೋಡುವುದೇ ಇಲ್ಲ.

ಅವರು ವರ್ಚುಯಲ್ ಪದವನ್ನು ಮತ್ತೆ ಟೈಪು ಮಾಡಿ, "ನಾಳೆ ನಾನು ಟ್ರಯಾಂಗಲ್ ಅಂತ ಹೊಸ ಕ್ಲಾಸು ತರ್ತೀನಿ. ಈ ಲೂಪಿನಲ್ಲಿ ಏನೇನು ಬದಲಾಯಿಸ್ತೀಯ?" ಎಂದರು.

ಇದು ಪುಸ್ತಕದಲ್ಲಿರಲಿಲ್ಲ. ಲೂಪನ್ನು ನೋಡಿದೆ. ಸಾಲಾಗಿ ಎಲ್ಲರಿಗೂ ಡ್ರಾ ಎನ್ನುವ ಒಂದೇ ಸಾಲು ಅದು. "ಏನೂ ಇಲ್ಲ ಸರ್," ಎಂದೆ.

"ಏನೂ ಇಲ್ಲವಾ?"

"ಇಲ್ಲ ಸರ್."

"ಶ್ಯೂರ್?" ದನಿ ಸ್ವಲ್ಪ ಏರಿತು. "ಹೊಸಬಳು ಬರ್ತಾಳೆ, ನೀನು ಏನೂ ಮಾಡದೆ ಕೂತಿರ್ತೀಯ?"

ಅಲ್ಲಿ ನನ್ನ ಧೈರ್ಯ ಕುಸಿಯಿತು. ದೊಡ್ಡವರು ಎರಡನೆಯ ಸಲ ಕೇಳಿದರೆ ಉತ್ತರ ತಪ್ಪಿದೆ ಎಂದರ್ಥ, ಹಾಗೆ ಬೆಳೆದವಳು ನಾನು. ಸಾರಿ ಸರ್ ಎಂಬ ಮಾತು ತುಟಿಯ ತನಕ ಬಂದಿತ್ತು. ಅದನ್ನು ನುಂಗಿಕೊಂಡೆ. "ಲೂಪಿನಲ್ಲಿ ಏನೂ ಇಲ್ಲ ಸರ್. ಅವಳನ್ನು ಸಾಲಿನಲ್ಲಿ ತಂದು ಕೂರಿಸೋಕೆ ಮೇಲೆ ಒಂದು ಸಾಲು ಬರೀಬೇಕು. ಅವಳ ಡ್ರಾ ಅವಳೇ ತರ್ತಾಳೆ."

"ಬರಿ," ಎಂದರು.

ಬರೆದೆ. ಬೆರಳು ಎರಡು ಸಲ ಜಾರಿತು, ಎರರ್ ಬಂತು, ಒಂದು ಸೆಮಿಕೋಲನ್ ಬಿಟ್ಟಿದ್ದೆ. ಹಾಕಿ ಓಡಿಸಿದೆ. ಸರ್ಕಲ್, ಸ್ಕ್ವೇರ್, ರೆಕ್ಟ್ಯಾಂಗಲ್, ಟ್ರಯಾಂಗಲ್. ಅವರು ಹಾಳೆಯ ಮೇಲೆ ಏನೋ ಗೀಚಿ, ಅದನ್ನು ಅಂಗೈಯಿಂದ ಮುಚ್ಚಿ, "ನೆಕ್ಸ್ಟ್," ಎಂದರು. ಮುಖ ಬಂದಾಗ ಹೇಗಿತ್ತೋ ಹಾಗೇ ಇತ್ತು.

ಫಲಿತಾಂಶ ಬರುವ ಹೊತ್ತಿಗೆ ಮಾರ್ಗಶಿರ ಬಂದಿತ್ತು. ಆ ದಿನಗಳಲ್ಲಿ ನಾನು ಹಾಲು ಉಕ್ಕಿಸಿದೆ, ಒಗ್ಗರಣೆ ಸೀಯಿಸಿದೆ, ಮಗಳ ಜಡೆಗೆ ರಿಬ್ಬನ್ ಕಟ್ಟದೆ ಶಾಲೆಗೆ ಕಳಿಸಿದೆ. ಓರಗಿತ್ತಿ ಕೆಳಗಿನ ಮನೆಗೆ ಫೋನು ಮಾಡಿ ನನ್ನನ್ನು ಕರೆಸಿ, ಸಾಮಾನು ತರುವ ಲಾರಿಗೆ ಯಾವತ್ತಿಗೆ ಹೇಳಲಿ ಎಂದು ಪ್ರೀತಿಯಿಂದಲೇ ಕೇಳಿದರು. ನಮ್ಮವರು ಅಟ್ಟದಿಂದ ಎರಡು ರಟ್ಟಿನ ಡಬ್ಬ ಇಳಿಸಿ, ಧೂಳು ಒರೆಸಿ, ಏನೂ ತುಂಬದೆ ಬಾಗಿಲ ಹಿಂದೆ ಇಟ್ಟರು. ಬಾಗಿಲು ತೆರೆದಾಗಲೆಲ್ಲ ಅದು ಡಬ್ಬಕ್ಕೆ ತಾಗಿ ಡಬ್ ಎನ್ನುತ್ತಿತ್ತು.

ಒಂದು ಮಧ್ಯಾಹ್ನ ಪಾಠದ ಹುಡುಗಿಯೇ ಮನೆ ಹುಡುಕಿಕೊಂಡು ಬಂದಳು. ಚಪ್ಪಲಿ ಬಿಚ್ಚುತ್ತಾ ಹೊರಗಿನಿಂದಲೇ, "ಆಂಟಿ, ಪಾಸ್! ಫಸ್ಟ್ ಕ್ಲಾಸ್!" ಎಂದಳು. ನಮ್ಮವರು ಕೈಯಲ್ಲಿದ್ದ ಪೇಪರನ್ನು ಮಡಚಿದರು, ಬಿಚ್ಚಿದರು, ಮತ್ತೆ ಮಡಚಿದರು. "ಕಾಫಿ ಮಾಡ್ತೀನಿ," ಎಂದು ಅಡುಗೆಮನೆಗೆ ಹೋದರು. ಬಹಳ ಹೊತ್ತು ಬರಲಿಲ್ಲ. ಹೋಗಿ ನೋಡಿದರೆ ಸ್ಟೌ ಹಚ್ಚದೆ ನಿಂತಿದ್ದರು.

ಹೆಡ್‌ಮಿಸ್ ಮಾತಿನಂತೆ ನಡೆದುಕೊಂಡರು. ರಜೆ ಮುಗಿದ ಸೋಮವಾರ ಬರಲು ಹೇಳಿದರು. ಆ ಸಂಜೆ ನಾವು ಮೂವರೂ ಎಸ್‌ಟಿಡಿ ಬೂತಿಗೆ ಹೋದೆವು. ಗಾಜಿನ ಬಾಗಿಲು ಸರಿಯಾಗಿ ಮುಚ್ಚುತ್ತಿರಲಿಲ್ಲ, ನಮ್ಮವರು ಆಡಿದ್ದೆಲ್ಲ ನನಗೆ ಕೇಳಿಸಿತು.

"ಅಣ್ಣಾ, ನಾವು ಬರಲ್ಲ... ಹೂಂ, ಕೆಲಸ ಸಿಕ್ತು... ನಂಗಲ್ಲ. ಇವಳಿಗೆ." ಆ ಕಡೆಯಿಂದ ಏನೋ ನಗೆಮಾತು ಬಂದಿರಬೇಕು. ಅವರ ಕುತ್ತಿಗೆ ಕೆಂಪಾಯಿತು. ಆದರೂ ದನಿ ತಗ್ಗಿಸಲಿಲ್ಲ. "ಕಂಪ್ಯೂಟರ್ ಮೇಡಂ ಅಣ್ಣಾ. ಹೂಂ, ಇವಳೇ. ಅಷ್ಟೊಂದು ಹುಡುಗರು ಹೋದ್ರು, ಇವಳು ಪಾಸಾದ್ಲು." ಆಮೇಲೆ ಬಾಗಿಲು ತಳ್ಳಿ, "ಅತ್ತಿಗೆ ಮಾತಾಡ್ಬೇಕಂತೆ," ಎಂದು ರಿಸೀವರ್ ನನಗೆ ಕೊಟ್ಟರು.

ಓರಗಿತ್ತಿಯ ದನಿಯಲ್ಲಿ ನಿಜವಾದ ಅಚ್ಚರಿ ಇತ್ತು. "ಅಲ್ವೇ, ಅಷ್ಟು ಮಕ್ಕಳ ಮುಂದೆ, ಆ ಮೆಷಿನ್ನು ಇಟ್ಕೊಂಡು... ನಿಂಗೆ ಭಯ ಆಗಲ್ವೇನೇ?"

"ಆಗುತ್ತೆ ಅಕ್ಕಾ," ಎಂದೆ. "ಸೋಮವಾರ ಆರನೇ ಕ್ಲಾಸಿಗೆ ಮೊದಲ ಪಾಠ. ಈಗಿಂದ್ಲೇ ಆಗ್ತಿದೆ."